ಬಳ್ಳಾರಿಯಲ್ಲಿ ದಿನಾ ಓಡಿಸುವ ಝಡ್4ಗೆ ಯಾವ ಎಲ್‌ಎಸ್‌ಡಿ? ಹಾಕಿಸಿದವರು ಹೇಳಿ

ಕೇಳಿದವರು, ಬಳ್ಳಾರಿ

ಹಳೆಯ ಬಿಎಂಡಬ್ಲ್ಯು ಝಡ್4 ತಗೊಂಡಿದ್ದೇನೆ. ಎಸ್‌ಡ್ರೈವ್ 35ಐ. 3 ಲೀಟರ್ ಟರ್ಬೊ, 306 ಅಶ್ವಶಕ್ತಿ, 400 ಎನ್‌ಎಂ ಟಾರ್ಕ್, ಎಳೆತ ಹಿಂದಿನ ಚಕ್ರಕ್ಕೆ ಮಾತ್ರ. ವಾರವಿಡೀ ತೋರಣಗಲ್ಲಿಗೆ ಕೆಲಸಕ್ಕೆ, ರಜೆ ಬಂದರೆ ಸಂಡೂರು ಕಡೆ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಚಕ್ರ ಸುಮ್ನೆ ತಿರುಗುತ್ತದೆ. ಹಳದಿ ದೀಪ ಮಿಣುಕುತ್ತದೆ, ಗಾಡಿ ಮುಂದಕ್ಕೆ ಹೋಗಲ್ಲ. ಎಲ್‌ಎಸ್‌ಡಿ ಹಾಕಿಸೋಣ ಅಂತಿದ್ದೇನೆ, ಅಂದರೆ ಒಂದು ಚಕ್ರ ಮಾತ್ರ ಸುಮ್ನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್ (ಇಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರು ಜೋಡಣೆ). ಒಳಗೆ ಕ್ಲಚ್ ಪ್ಲೇಟುಗಳು ಬಿಗಿಯುವ ಪ್ಲೇಟಿನದ್ದು ಒಳ್ಳೆಯದಾ, ಗೇರಿನದ್ದಾ? ಟ್ರ್ಯಾಕಿಗೆ ಹೋಗುವುದು ಅಪರೂಪ. ಫಿಟ್ಟಿಂಗ್ ನಮ್ಮ ಕಡೆ ಆಗುತ್ತದಾ, ಬೆಂಗಳೂರಿಗೇ ಹೋಗಬೇಕಾ?

ಉತ್ತರ, ತೋರಣಗಲ್ಲು

ಡಿಫರೆನ್ಷಿಯಲ್‌ಗೆ ಕೈ ಹಾಕುವ ಮೊದಲು ಹಿಂದಿನ ಟೈರಿನ ಪಕ್ಕೆ ನೋಡಿ. ಅಲ್ಲಿ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಈ ಗಾಡಿಗೆ ಕಂಪನಿಯವರು ಕೊಟ್ಟದ್ದು ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರು, ಅದರ ಗೋಡೆ ಮೊದಲೇ ಬಿರುಸು. ಮೇಲೆ ಬಳ್ಳಾರಿ ಬಿಸಿಲು. ವರ್ಷಗಟ್ಟಲೆ ಕಾದ ರಬ್ಬರಿಗೆ ಉಗುರು ಒತ್ತಿದರೆ ಗುರುತೂ ಬೀಳಲ್ಲ. ಅಂಥ ಟೈರಿಟ್ಟುಕೊಂಡು ಎಲ್‌ಎಸ್‌ಡಿ ಹಾಕಿಸಿದರೆ ಒಂದು ಚಕ್ರ ಜಾರುವ ಕಡೆ ಎರಡೂ ಜಾರುತ್ತವೆ, ಅಷ್ಟೇ ವ್ಯತ್ಯಾಸ. ಒಳ್ಳೆಯ ಟೈರು ಹಾಕಿದ ಮೇಲೆ ಡಿಫ್ ಆಸೆಯನ್ನೇ ಬಿಟ್ಟವರನ್ನು ನೋಡಿದ್ದೇನೆ.

ಟೈರು ಚೆನ್ನಾಗಿದ್ದೂ ಹೀಗೇ ಆಗುತ್ತಿದ್ದರೆ ಮುಂದಿನ ಮಾತು. ಸಾದಾ ಡಿಫ್ ಎರಡೂ ಚಕ್ರಕ್ಕೆ ಸಮ ಟಾರ್ಕ್ ಕೊಡುತ್ತದೆ. ಕೇಳಲು ನ್ಯಾಯವಾಗಿದೆ, ಆದರೆ ತೊಂದರೆಯ ಬೇರು ಅದೇ. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಕಡೆ ವಾಲುತ್ತದೆ, ಒಳಗಿನದು ಹಗುರಾಗುತ್ತದೆ. ಹಗುರಾದ ಚಕ್ರ ಎಷ್ಟು ತಡೆದುಕೊಳ್ಳುತ್ತದೋ ಹಿಡಿತ ಇರುವ ಚಕ್ರಕ್ಕೂ ಅಷ್ಟೇ ಸಿಗುವುದು. ಸಂಡೂರು ರಸ್ತೆಯ ಅಂಚಿನಲ್ಲಿ ಅದಿರಿನ ಕೆಂಪು ಪುಡಿ ಕೂತಿರುತ್ತದಲ್ಲ, ಎಡಗಡೆ ಚಕ್ರ ಅದರ ಮೇಲೆ ಹೋದಾಗ ನೋಡಿ. ಬಲಗಡೆ ಚಕ್ರ ಒಳ್ಳೆಯ ಟಾರಿನ ಮೇಲಿದ್ದರೂ ಉಪಯೋಗಕ್ಕೆ ಬರಲ್ಲ. ಗಾಡಿಯ ಎಲೆಕ್ಟ್ರಾನಿಕ್ಸ್ ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ, ಇಂಜಿನ್ನಿನ ಶಕ್ತಿಯನ್ನೂ ತಗ್ಗಿಸಿ ಹೇಗೋ ಸಂಭಾಳಿಸುತ್ತದೆ. ನಿಮ್ಮ ಹಳದಿ ದೀಪ ಅದರದ್ದೇ. ಸಾಧಾರಣ ಓಡಾಟಕ್ಕೆ ಅದು ಸಾಕು. ಜೋರಾಗಿ ಓಡಿಸುವವರಿಗೆ ಮಾತ್ರ ಬ್ರೇಕ್ ಕಾಯುತ್ತದೆ, ಪ್ಯಾಡ್ ಬೇಗ ಸವೆಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಗೇರಿನದ್ದು, ಅಂದರೆ ಹೆಲಿಕಲ್. ಟಾರ್ಸೆನ್, ಇಂಗ್ಲೆಂಡಿನ ಕ್ವೈಫ್, ಅಮೆರಿಕದ ವೇವ್‌ಟ್ರ್ಯಾಕ್ ಎಲ್ಲ ಇದೇ ಜಾತಿ. ಒಳಗೆ ಓರೆ ಹಲ್ಲಿನ ಸಣ್ಣ ಗೇರುಗಳಿರುತ್ತವೆ. ಟಾರ್ಕ್ ಬಿದ್ದಾಗ ಅವು ತಮ್ಮ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತವೆ. ಆ ಘರ್ಷಣೆಯೇ ಒಂದು ಚಕ್ರ ಇನ್ನೊಂದನ್ನು ಬಿಟ್ಟು ಓಡದಂತೆ ತಡೆಯುತ್ತದೆ. ಬಯಾಸ್ ರೇಶಿಯೊ 2.5 ಅಂತ ಬರೆದಿದ್ದರೆ, ಜಾರುವ ಚಕ್ರ 200 ಎನ್‌ಎಂ ತಡೆದುಕೊಂಡಾಗ ಇನ್ನೊಂದಕ್ಕೆ 500ರವರೆಗೆ ಹೋಗುತ್ತದೆ ಅಂತ ಲೆಕ್ಕ. ಕ್ಲಚ್ ಪ್ಲೇಟ್ ಇಲ್ಲ, ಆದ್ದರಿಂದ ಸವೆದು ಹೋಯಿತು ಅನ್ನುವ ಕಾಟ ಇಲ್ಲ. ಸದ್ದೂ ಇಲ್ಲ.

ಇದಕ್ಕೊಂದು ಕೊರತೆ ಇದೆ. ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ತಡೆ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ವೇವ್‌ಟ್ರ್ಯಾಕ್‌ನವರು ಇದಕ್ಕೆಂದೇ ಮಧ್ಯದಲ್ಲಿ ಅಲೆಯಾಕಾರದ ಹಬ್ ಇಟ್ಟಿದ್ದಾರೆ. ಒಂದು ಕಡೆ ಹಿಡಿತ ಹೋದಾಗ ಅದು ಅಗಲವಾಗಿ ಒಳಗೆ ಒತ್ತಡ ಹುಟ್ಟಿಸುತ್ತದೆ. ನಿಮಗೆ ಇದು ಬೇಕೇಬೇಕಾ? ನಮ್ಮ ಹಳ್ಳಿಗಳ ಹಂಪ್ ಮೇಲೆ ಇಷ್ಟು ತಗ್ಗಿನ ಗಾಡಿಯನ್ನು ಓರೆಯಾಗಿಯೇ ಹತ್ತಿಸಬೇಕು, ಆಗ ಒಂದು ಚಕ್ರ ಹಗುರಾಗುವುದು ನಿಜ. ಆದರೆ ಅಲ್ಲಿ ಯಾರೂ ಆಕ್ಸಿಲರೇಟರ್ ತುಳಿಯಲ್ಲ, ಅಲ್ವಾ? ಕ್ವೈಫ್ ಸಾಕು.

ನನ್ನ 3 ಸೀರೀಸ್‌ನಲ್ಲಿ ಇರುವುದು ಅದೇ. ಊರೊಳಗೆ ಇದೆಯೋ ಇಲ್ಲವೋ ಗೊತ್ತೇ ಆಗಲ್ಲ. ಗೊತ್ತಾಗುವುದು ಅಡ್ಡರಸ್ತೆಯಿಂದ ಹೆದ್ದಾರಿಗೆ ತಿರುಗುವಾಗ. ಎರಡು ಲಾರಿಗಳ ನಡುವೆ ಜಾಗ ಸಿಕ್ಕಿರುತ್ತದೆ, ಚಕ್ರದ ಕೆಳಗೆ ಜಲ್ಲಿ. ಮೊದಲು ಅಲ್ಲಿ ಗಾಡಿ ಕ್ಷಣ ತಡವರಿಸುತ್ತಿತ್ತು. ಈಗ ಹಿಂಭಾಗ ಸ್ವಲ್ಪ ಕೂತಂತಾಗಿ ನೇರ ಎದ್ದು ಹೋಗುತ್ತದೆ.

ಎಲ್‌ಎಸ್‌ಡಿ ಸುರಕ್ಷತೆಯ ಸಾಮಾನು ಅಲ್ಲ, ಇದು ನೆನಪಿರಲಿ. ಸಾದಾ ಡಿಫ್‌ನಲ್ಲಿ ಒಳಚಕ್ರ ಜಾರಿದರೂ ಹೊರಚಕ್ರ ಗಾಡಿಯನ್ನು ಹಿಡಿದಿರುತ್ತದೆ. ಎಲ್‌ಎಸ್‌ಡಿ ಇದ್ದಾಗ ಮಿತಿ ದಾಟಿದರೆ ಎರಡೂ ಒಟ್ಟಿಗೆ ಬಿಡುತ್ತವೆ, ಹಿಂಭಾಗ ಪಕ್ಕಕ್ಕೆ ಬರುತ್ತದೆ. ಮೊದಲ ಮಳೆಯ ದಿನ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಡಿ.

ಉತ್ತರ, ರಾಯಚೂರು

ಪ್ಲೇಟ್ ಅಂದ ಕೂಡಲೇ ಎಲ್ಲರೂ ಹೆದರಿಸುತ್ತಾರೆ. ನನ್ನ ಹಳೇ ಬಿಎಂಡಬ್ಲ್ಯು 3 ಸೀರೀಸ್ ಇ46ನಲ್ಲಿ ಪ್ಲೇಟಿನದ್ದೇ ಇದೆ, 1.5 ವೇ. ಅದರಲ್ಲೇ ದಿನಾ ಶಕ್ತಿನಗರಕ್ಕೆ ಹೋಗಿ ಬರುತ್ತೇನೆ. ಆ ರಸ್ತೆಯಲ್ಲಿ ಹಾರುಬೂದಿ ಲಾರಿಗಳ ಓಡಾಟ. ಬೂದಿ ಮೇಲೆ ತುಂತುರು ಬಿದ್ದರೆ ನೆಲ ಸೋಪು ಹಚ್ಚಿದ ಬಚ್ಚಲಿನಂತೆ. ಆದರೂ ಗಾಡಿ ನೆಟ್ಟಗೇ ಹೋಗುತ್ತದೆ, ಕಾಲು ಹದವಾಗಿರಬೇಕು.

ವೇ ಅಂದರೆ ಇಷ್ಟು. 1 ವೇ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಗಿಯುತ್ತದೆ. 2 ವೇ ಕಾಲು ತೆಗೆದಾಗಲೂ ಅಷ್ಟೇ ಬಿಗಿ. 1.5 ನಡುವಿನದ್ದು, ಕಾಲು ತೆಗೆದಾಗ ಕಡಿಮೆ ಬಿಗಿ. 2 ವೇ ಡ್ರಿಫ್ಟ್ ಮಾಡುವವರಿಗೆ. ದಿನದ ಗಾಡಿಗೆ ಅದನ್ನು ಹಾಕಿದರೆ ತಿರುವಿಗೆ ಇಳಿಯುವಾಗ ಮುಂಭಾಗ ನೆಟ್ಟಗೆ ಹೋಗಲು ನೋಡುತ್ತದೆ.

ಸದ್ದು ಇದೆ, ಸುಳ್ಳು ಹೇಳಲ್ಲ. ಪೆಟ್ರೋಲ್ ಬಂಕಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೊರಟರೆ ಹಿಂದಿನಿಂದ ಕಟ್ ಕಟ್ ಅನ್ನುತ್ತದೆ. ಬಂಕಿನ ಹುಡುಗ ಪ್ರತಿ ಸಲ ಬಗ್ಗಿ ನೋಡುತ್ತಾನೆ. ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿದರೆ ಕಡಿಮೆಯಾಗುತ್ತದೆ. ಪ್ರೀಲೋಡ್, ಅಂದರೆ ಪ್ಲೇಟುಗಳ ಮೇಲೆ ಮೊದಲೇ ಇರುವ ಒತ್ತಡ, ಕಡಿಮೆ ಇಡಿಸಿದರೆ ಇನ್ನೂ ಕಡಿಮೆ. ಪ್ಲೇಟಿನ ಲಾಭ ಇದೇ: ಪ್ರೀಲೋಡ್, ರ‍್ಯಾಂಪ್ ಕೋನ (ಬಿಗಿತ ನಿರ್ಧರಿಸುವ ಒಳಗಿನ ಇಳಿಜಾರು), ಪ್ಲೇಟಿನ ಸಂಖ್ಯೆ ಎಲ್ಲ ಬದಲಿಸಬಹುದು. ಸವೆದರೆ ಪ್ಲೇಟ್ ಹೊಸದು ಹಾಕಬಹುದು. ಹೆಲಿಕಲ್ ಬಂದದ್ದು ಬಂದಂತೆ.

ಓಎಸ್ ಗಿಕೆನ್, ಕುಸ್ಕೊ, ಕಾಝ್ ಜಪಾನಿನವು. ಡ್ರೆಕ್ಸ್‌ಲರ್ ಜರ್ಮನಿಯದ್ದು. ಯಾವುದೇ ತಂದರೂ ಮೊದಲು ಪ್ಲೇಟ್ ಪಳಗಿಸಬೇಕು. ಊರ ಹೊರಗಿನ ಖಾಲಿ ಲೇಔಟ್ ಹುಡುಕಿ, ನಿಧಾನವಾಗಿ 8 ಆಕಾರದಲ್ಲಿ ಸುತ್ತು ಹಾಕುತ್ತಾ ಇರಿ. ಆಮೇಲೆ ಎಣ್ಣೆ ಇಳಿಸಿ. ನನ್ನದರಲ್ಲಿ ಇಳಿದದ್ದು ಬೂದು ಬಣ್ಣ, ಬಿಸಿಲಿಗೆ ಹಿಡಿದರೆ ಮಿರಮಿರ ಹೊಳೆಯುತ್ತಿತ್ತು. ಅದು ಸಹಜ. ಹೊಸ ಎಣ್ಣೆ ಹಾಕಿದ ಮೇಲೆ ಸದ್ದೂ ಅರ್ಧ ಇಳಿಯಿತು.

ಆದರೂ ನಿಮ್ಮ ಓಡಾಟ ನೋಡಿದರೆ ಮೇಲಿನವರು ಹೇಳಿದ್ದೇ ಸರಿ. ನಾನು ಆಟೋಕ್ರಾಸ್ ಕಾರು ಸ್ಪರ್ಧೆಯ ಹುಚ್ಚಿನವನು, ನನಗೆ ಬೇಕಿತ್ತು. ಪ್ಲೇಟಿನದ್ದು ಹಾಕಿಸಿ ಎಣ್ಣೆ ಬದಲಿಸಲು ಸೋಮಾರಿತನ ಮಾಡಿದರೆ ದುಡ್ಡು ನೀರಿಗೆ ಹಾಕಿದಂತೆ.

ಉತ್ತರ, ಗಂಗಾವತಿ

ನನ್ನದು ಮುಂದಿನ ಚಕ್ರದ ಎಳೆತ. ಹಳೇ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ, ಕ್ವೈಫ್ ಹಾಕಿಸಿದ್ದೇನೆ. ಅದಕ್ಕೆ ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಬೇಕು, ಆದ್ದರಿಂದ ಕ್ಲಚ್ ಬದಲಿಸುವ ಹೊತ್ತಿಗೇ ಮಾಡಿಸಿದೆ. ಒಂದೇ ಕೂಲಿಯಲ್ಲಿ ಎರಡು ಕೆಲಸ. ರಸ್ತೆ ಉಬ್ಬುತಗ್ಗು ಇದ್ದಲ್ಲಿ ಜೋರು ಮಾಡಿದರೆ ಸ್ಟೀರಿಂಗ್ ಕೈಯಲ್ಲಿ ಎಳೆಯುತ್ತದೆ. ನಿಮಗೆ ಆ ತೊಂದರೆ ಇಲ್ಲ.

ಒಂದು ಮಾತು ಸೇರಿಸುತ್ತೇನೆ. ಎಲ್‌ಎಸ್‌ಡಿ ಇರುವ ಕಡೆಯ ಎರಡೂ ಟೈರ್ ಒಂದೇ ಕಂಪನಿ, ಒಂದೇ ಸವೆತದವು ಇರಲಿ. ಭತ್ತದ ಲಾರಿ, ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಟೈರ್ ಸೀಳುವುದು ಮಾಮೂಲು. ಒಂದು ಹೋಯಿತು ಅಂತ ಒಂದೇ ಹೊಸದು ಹಾಕಿದರೆ ಸುತ್ತಳತೆ ಬೇರೆಯಾಗಿ ನೇರ ರಸ್ತೆಯಲ್ಲೂ ಡಿಫ್ ಒಳಗೊಳಗೇ ಉಜ್ಜುತ್ತಿರುತ್ತದೆ.

ಕೇಳಿದವರು

ಟೈರು ನೋಡಿದೆ. 2017ರವು! ಮೊದಲು ಅವನ್ನು ಬದಲಿಸುತ್ತೇನೆ. ಆಮೇಲೂ ಬೇಕು ಅನಿಸಿದರೆ ಹೆಲಿಕಲ್. ಬೆಂಗಳೂರಿನ ಒಂದು ಗ್ಯಾರೇಜಿನವರು ಇಡೀ ಡಿಫ್ ಬಿಚ್ಚಿ ಕಳಿಸಿ ಅಂದರು, ಎಷ್ಟು ದಿನ ಅಂತ ಮಾತ್ರ ಹೇಳಲಿಲ್ಲ. ನಮ್ಮ ಟಿಪ್ಪರ್ ಮಿಸ್ತ್ರಿಗಳು ಮಾಡಬಲ್ಲರಾ?

ಉತ್ತರ, ಬಳ್ಳಾರಿ, ಗ್ಯಾರೇಜ್ ಕೆಲಸ

ಮಾಡಬಲ್ಲರು, ಕೆಲವರು. ಅದಿರಿನ ಟಿಪ್ಪರ್‌ಗಳ ಕ್ರೌನ್ ಪಿನಿಯನ್ (ಡಿಫ್ ಒಳಗಿನ ದೊಡ್ಡ, ಚಿಕ್ಕ ಜೋಡಿ ಗೇರು) ಕೂರಿಸಿ ಕೂರಿಸಿ ಕೈ ಪಳಗಿದವರು ಈ ಊರಲ್ಲಿ ಇದ್ದಾರೆ. ಕೆಲಸದ ತತ್ವ ಒಂದೇ. ಹೊಸ ಡಿಫ್‌ಗೆ ನಿಮ್ಮ ಹಳೇ ಕ್ರೌನ್ ವೀಲ್ ಕೂರಿಸಬೇಕು, ಬೇರಿಂಗ್ ಪ್ರೆಸ್ ಮಾಡಬೇಕು, ಶಿಮ್ (ತೆಳು ಲೋಹದ ತಟ್ಟೆ) ಹಾಕಿ ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್ ಹೊಂದಿಸಬೇಕು. ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಮಧ್ಯೆ ಬೀಳುತ್ತದಾ ನೋಡಬೇಕು. ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚು, ಮತ್ತೆ ಶಿಮ್. ಬೇಸರವಿಲ್ಲದೆ ಬಿಚ್ಚುವವನೇ ಒಳ್ಳೆಯ ಮಿಸ್ತ್ರಿ.

ವ್ಯತ್ಯಾಸ ಅಳತೆಯಲ್ಲಿದೆ. ಟಿಪ್ಪರ್‌ನಲ್ಲಿ ಕೈಯಲ್ಲಿ ಅಲ್ಲಾಡಿಸಿ ಸರಿ ಅನ್ನುವವರಿದ್ದಾರೆ. ಇಲ್ಲಿ ಹಾಗೆ ನಡೆಯಲ್ಲ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ತಪ್ಪಿದರೆ ಹೆದ್ದಾರಿಯಲ್ಲಿ ಹಿಂದಿನಿಂದ ಊಳಿಡುವ ಸದ್ದು ಶುರುವಾಗುತ್ತದೆ, ಅದು ತಾನಾಗಿ ಹೋಗಲ್ಲ. "ಡಯಲ್ ಗೇಜ್ ಇದೆಯಾ, ತೋರಿಸು" ಅನ್ನಿ. ತೋರಿಸಿದರೆ ಮುಂದಿನ ಮಾತು.

ಆರ್ಡರ್ ಕೊಡುವ ಮುಂಚೆ ಗಾಡಿ ಎತ್ತಿಸಿ ಡಿಫ್ ಮೇಲಿನ ಟ್ಯಾಗ್ ಓದಿ. ಬಿಎಂಡಬ್ಲ್ಯುನಲ್ಲಿ ಒಂದೇ ಮಾಡೆಲಿಗೆ ಗೇರ್‌ಬಾಕ್ಸ್ ಪ್ರಕಾರ ಬೇರೆ ಬೇರೆ ಅಳತೆಯ ಡಿಫ್ ಬಂದಿರುತ್ತದೆ. ಕೆಲವದರಲ್ಲಿ ಕ್ರೌನ್ ವೀಲ್ ಬೋಲ್ಟ್ ಮಾಡಿರಲ್ಲ, ವೆಲ್ಡ್ ಮಾಡಿರುತ್ತಾರೆ. ನಿಮ್ಮದು ಹಾಗಿದ್ದರೆ ವೆಲ್ಡ್ ಕಡಿದು ಮೆಷಿನ್ ಮಾಡಿಸಬೇಕು. ಅದನ್ನು ಇಲ್ಲಿ ಪ್ರಯೋಗ ಮಾಡಬೇಡಿ, ಬೆಂಗಳೂರಿಗೇ ಕಳಿಸಿ. ಸಾಮಾನಿಗೆ ಲಕ್ಷ ದಾಟುತ್ತದೆ, ಮೇಲೆ ಸುಂಕ, ಸಾಗಣೆ. ತಪ್ಪು ಅಳತೆಯದ್ದು ಬಂದರೆ ವಾಪಸ್ ಕಳಿಸುವುದು ದೊಡ್ಡ ತಲೆನೋವು. ಇನ್ಶೂರೆನ್ಸ್‌ನವರಿಗೂ ಮೊದಲೇ ಬರೆದು ತಿಳಿಸಿ.

ಪಂಕ್ಚರ್ ಅಂಗಡಿಯವನಿಗೂ ಹೇಳಿಡಿ. ಎಲ್‌ಎಸ್‌ಡಿ ಗಾಡಿಯ ಒಂದೇ ಹಿಂಚಕ್ರ ಎತ್ತಿ, ಇಂಜಿನ್ ಚಾಲೂ ಮಾಡಿ ಗೇರ್ ಹಾಕಿದರೆ ನೆಲದ ಮೇಲಿನ ಚಕ್ರ ಎಳೆದು ಗಾಡಿ ಜ್ಯಾಕಿನಿಂದ ಹಾರಬಹುದು. ಪ್ಲೇಟಿನದ್ದಾದರೆ ಖಂಡಿತ. ಗೇರಿನದ್ದಾದರೂ ನಂಬಬೇಡಿ.

ಟ್ಯಾಗಿನ ಫೋಟೊ ತೆಗೆದು ಹಾಕಿ. ಬೋಲ್ಟಾ ವೆಲ್ಡಾ ಅಂತ ಗೊತ್ತಾದ ಮೇಲೆ ಯಾರ ಹತ್ತಿರ ಹೋಗಬೇಕು ಅಂತ ನೋಡೋಣ.