ಬ್ರಿಟನ್ನಿನ ಬ್ಯಾಡ್ಮಿಂಟನ್ ಆಟಗಾರರ ಮೇಲೆ ರಸಪ್ರಶ್ನೆ: ಯಾರನ್ನು ಸೇರಿಸಬೇಕು, ಎಲ್ಲಿ ತಪ್ಪಾಗ್ತದೆ?

ಬ್ರಹ್ಮಗಿರಿ ಶಟಲ್

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಮಕ್ಕಳ ಬೇಸಿಗೆ ಶಿಬಿರದ ಕೊನೆಯ ದಿನ ಒಂದು ರಸಪ್ರಶ್ನೆ ಉಂಟು. 12ರಿಂದ 16 ವರ್ಷದವರು, ಎಲ್ಲರೂ ಆಡುವವರೇ. ಅದರಲ್ಲಿ ಒಂದು ಸುತ್ತು ಪೂರ್ತಿ ಬ್ರಿಟನ್ನಿನ ಆಟಗಾರರದ್ದು, 15 ಪ್ರಶ್ನೆ. ಈಗ ಕೈಯಲ್ಲಿರುವ ಹೆಸರುಗಳು: ಜಾರ್ಜ್ ಥಾಮಸ್, ಗಿಲಿಯನ್ ಗಿಲ್ಕ್ಸ್, ನೇಥನ್ ರಾಬರ್ಟ್‌ಸನ್ ಮತ್ತು ಗೇಲ್ ಎಮ್ಸ್, ರಾಜೀವ್ ಔಸೆಫ್.

ಎರಡು ಕಡೆ ಸಿಕ್ಕಿಬಿದ್ದಿದ್ದೇನೆ. ಒಂದೇ ಆಟಗಾರನ ಹೆಸರಿನ ಎದುರು ಒಮ್ಮೆ ಇಂಗ್ಲೆಂಡ್, ಇನ್ನೊಮ್ಮೆ ಗ್ರೇಟ್ ಬ್ರಿಟನ್ ಅಂತ ಬರ್ತದೆ. ಸರಿ ಯಾವುದು? ಮತ್ತೆ, ಸಿಂಗಲ್ಸ್‌ನಲ್ಲಿ ಈಚಿನ ದೊಡ್ಡ ಹೆಸರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ರಸಪ್ರಶ್ನೆ ಮುಗಿದ ಮೇಲೆ ಒಂದು ಗಂಟೆ ಕೋರ್ಟ್ ಖಾಲಿ ಸಿಗ್ತದೆ, ಇವರ ಆಟದಿಂದಲೇ ಎಂತಾದರೂ ಮಾಡಿ ತೋರಿಸಬಹುದಾ?

ಕದ್ರಿ ಡ್ರಾಪ್‌ಶಾಟ್

ಮೊದಲು ದೇಶದ ಹೆಸರಿನ ವಿಷಯ. ಇದು ಸರಿಯಾಗದಿದ್ದರೆ ಹದಿನೈದರಲ್ಲಿ ಐದು ಪ್ರಶ್ನೆಗೆ ಮಕ್ಕಳು ತಕರಾರು ಎತ್ತುತ್ತಾರೆ, ಅವರ ತಕರಾರು ಸರಿಯೇ ಇರ್ತದೆ.

ಒಲಿಂಪಿಕ್ಸ್ ಮತ್ತು ಯುರೋಪಿಯನ್ ಗೇಮ್ಸ್‌ನಲ್ಲಿ ಗ್ರೇಟ್ ಬ್ರಿಟನ್. ವಿಶ್ವ ಚಾಂಪಿಯನ್‌ಷಿಪ್, ಥಾಮಸ್ ಕಪ್ (ಪುರುಷರ ತಂಡ ಸ್ಪರ್ಧೆ), ಉಬರ್ ಕಪ್ (ಮಹಿಳೆಯರ ತಂಡ ಸ್ಪರ್ಧೆ), ಕಾಮನ್‌ವೆಲ್ತ್ ಕ್ರೀಡಾಕೂಟ ಇವುಗಳಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬೇರೆ ಬೇರೆ. ಉತ್ತರ ಐರ್ಲೆಂಡಿನವರು ಕಾಮನ್‌ವೆಲ್ತ್‌ನಲ್ಲಿ ತಮ್ಮದೇ ತಂಡವಾಗಿ ಬರ್ತಾರೆ, ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದರೆ ಐರ್ಲೆಂಡ್ ಹೆಸರಿನಲ್ಲಿ. ಹಾಗಾಗಿ ರಾಬರ್ಟ್‌ಸನ್–ಎಮ್ಸ್ 2004ರ ಅಥೆನ್ಸ್ ಬೆಳ್ಳಿ ಗೆದ್ದದ್ದು ಬ್ರಿಟನ್ನಿಗೆ, 2006ರ ಮ್ಯಾಡ್ರಿಡ್ ವಿಶ್ವ ಚಿನ್ನ ಗೆದ್ದದ್ದು ಇಂಗ್ಲೆಂಡಿಗೆ. ಎರಡೂ ಸರಿ. "ಒಲಿಂಪಿಕ್ಸ್‌ನಲ್ಲಿ ಇಂಗ್ಲೆಂಡಿಗೆ ಎಷ್ಟು ಪದಕ" ಅಂತ ಕೇಳಿದರೆ ಪ್ರಶ್ನೆಯೇ ತಪ್ಪು.

2011ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವ ಬೆಳ್ಳಿ ಗೆದ್ದ ಮಿಶ್ರ ಜೋಡಿಯನ್ನು ಇಲ್ಲಿ ಬಳಸಬಹುದು: ಕ್ರಿಸ್ ಆಡ್‌ಕಾಕ್ ಇಂಗ್ಲೆಂಡಿನವರು, ಇಮೋಜೆನ್ ಬ್ಯಾಂಕಿಯರ್ ಸ್ಕಾಟ್ಲೆಂಡಿನವರು. ಕಾಮನ್‌ವೆಲ್ತ್‌ನಲ್ಲಿ ಇಂಥ ಜೋಡಿ ಆಡುವ ಹಾಗೇ ಇಲ್ಲ. ಅಲ್ಲಿ 2014 ಮತ್ತು 2018ರ ಎರಡೂ ಚಿನ್ನವನ್ನು ಆಡ್‌ಕಾಕ್ ಗೆದ್ದದ್ದು ಹೆಂಡತಿ ಗ್ಯಾಬಿಯ ಜೊತೆ.

ಬ್ರಿಟನ್ನಿನ ಒಲಿಂಪಿಕ್ ಪದಕ ಒಟ್ಟು ಮೂರು. 2000 ಸಿಡ್ನಿ, ಸೈಮನ್ ಆರ್ಚರ್ ಮತ್ತು ಜೋಆನ್ ಗೂಡ್, ಮಿಶ್ರ ಡಬಲ್ಸ್ ಕಂಚು. 2004 ಅಥೆನ್ಸ್ ಬೆಳ್ಳಿ. 2016 ರಿಯೋ, ಮಾರ್ಕಸ್ ಎಲ್ಲಿಸ್ ಮತ್ತು ಕ್ರಿಸ್ ಲ್ಯಾಂಗ್ರಿಡ್ಜ್, ಪುರುಷರ ಡಬಲ್ಸ್ ಕಂಚು. 1972ರ ಮ್ಯೂನಿಕ್‌ನಲ್ಲಿ ಡೆರೆಕ್ ಟಾಲ್ಬಟ್–ಗಿಲ್ಕ್ಸ್ ಮಿಶ್ರ ಡಬಲ್ಸ್ ಗೆದ್ದದ್ದು ಹೌದು, ಆದರೆ ಆಗ ಬ್ಯಾಡ್ಮಿಂಟನ್ ಬರೀ ಪ್ರದರ್ಶನ ಕ್ರೀಡೆ. ಅಧಿಕೃತವಾಗಿ ಸೇರಿದ್ದು 1992ರಲ್ಲಿ, ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ.

ಈ ಮೂರೂ ಪದಕ ಡಬಲ್ಸ್‌ನವು ನೋಡಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು.

ಮಣಿಪಾಲ ಬ್ಯಾಕ್‌ಕೋರ್ಟ್

ಅದನ್ನೇ ಮುಂದುವರಿಸ್ತೇನೆ. ಇಂಗ್ಲೆಂಡಿನ ಹಳೇ ದೊಡ್ಡ ಟೂರ್ನಿ ಆಲ್ ಇಂಗ್ಲೆಂಡ್‌ನಲ್ಲಿ ಪುರುಷರ ಸಿಂಗಲ್ಸ್ ಗೆದ್ದ ಕೊನೆಯ ಇಂಗ್ಲಿಷ್ ಆಟಗಾರ ರಾಲ್ಫ್ ನಿಕೋಲ್ಸ್, 1938ರಲ್ಲಿ. ಮಹಿಳೆಯರಲ್ಲಿ ಗಿಲ್ಕ್ಸ್, 1978ರಲ್ಲಿ. ಆಮೇಲೆ ಇಲ್ಲ. ಹಾಗಾಗಿ ಸಿಂಗಲ್ಸ್ ಹೆಸರಿಗಾಗಿ ಕಷ್ಟಪಡಬೇಡಿ, ಸುತ್ತಿನ ಹತ್ತು ಪ್ರಶ್ನೆಯಾದರೂ ಡಬಲ್ಸ್‌ಗೆ ಇಡಿ. ಔಸೆಫ್ ಖಂಡಿತ ಇರಲಿ. ಕೇರಳ ಮೂಲದ ತಂದೆತಾಯಿಯ ಮಗ, ಹುಟ್ಟಿದ್ದು ಲಂಡನ್ನಿನಲ್ಲಿ. 2010ರ ದೆಹಲಿ ಕಾಮನ್‌ವೆಲ್ತ್ ಬೆಳ್ಳಿ, ರಿಯೋದಲ್ಲಿ ಕ್ವಾರ್ಟರ್‌ಫೈನಲ್, 2017ರಲ್ಲಿ ಯುರೋಪಿಯನ್ ಚಾಂಪಿಯನ್. ಫೈನಲ್‌ನಲ್ಲಿ ಸೋಲಿಸಿದ್ದು ಡೆನ್ಮಾರ್ಕಿನ ಆಂಡರ್ಸ್ ಆಂಟನ್ಸನ್‌ರನ್ನು. ಇಂಗ್ಲೆಂಡ್ ಬಿಟ್ಟು ನೋಡಿದರೆ ವೇಲ್ಸ್‌ನ ಕೆಲ್ಲಿ ಮಾರ್ಗನ್ (1998 ಕಾಮನ್‌ವೆಲ್ತ್ ಸಿಂಗಲ್ಸ್ ಚಿನ್ನ), ಸ್ಕಾಟ್ಲೆಂಡಿನ ಕರ್ಸ್ಟಿ ಗಿಲ್ಮೋರ್ (2014 ಬೆಳ್ಳಿ, 2018 ಕಂಚು).

ಜಾರ್ಜ್ ಥಾಮಸ್ ಬಗ್ಗೆ "ಥಾಮಸ್ ಕಪ್ ಕೊಟ್ಟವರು" ಎಂದು ಹೇಳಿ ಮುಗಿಸುವುದು ಅನ್ಯಾಯ. 1903ರಿಂದ 1928ರ ನಡುವೆ 21 ಆಲ್ ಇಂಗ್ಲೆಂಡ್ ಪ್ರಶಸ್ತಿ: ಸಿಂಗಲ್ಸ್ 4 (1920ರಿಂದ 1923, ಸಾಲಾಗಿ), ಪುರುಷರ ಡಬಲ್ಸ್ 9, ಮಿಶ್ರ 8. 1934ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಶುರುವಾದಾಗ ಮೊದಲ ಅಧ್ಯಕ್ಷ ಅವರೇ, 1955ರವರೆಗೆ. ಅದೇ ಮನುಷ್ಯ 1923 ಮತ್ತು 1934ರಲ್ಲಿ ಬ್ರಿಟಿಷ್ ಚೆಸ್ ಚಾಂಪಿಯನ್, ಹೇಸ್ಟಿಂಗ್ಸ್ ಚೆಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನು ಸೋಲಿಸಿದವರು. ಕಪ್ ಕೊಟ್ಟದ್ದು 1939ರಲ್ಲಿ, ಯುದ್ಧ ಬಂದು ತಡವಾಯಿತು, ಮೊದಲ ಫೈನಲ್ 1949ರಲ್ಲಿ ಪ್ರೆಸ್ಟನ್‌ನಲ್ಲಿ. ಗೆದ್ದದ್ದು ಮಲಯ (ಈಗಿನ ಮಲೇಷ್ಯಾದ ಭಾಗ). ಇಂಗ್ಲೆಂಡ್ ಇವತ್ತಿನವರೆಗೂ ಆ ಕಪ್ ಗೆದ್ದಿಲ್ಲ. ನಾವು 2022ರಲ್ಲಿ ಬ್ಯಾಂಕಾಕ್‌ನಲ್ಲಿ ಗೆದ್ದೆವು.

ಬೆಟ್ಟಿ ಉಬರ್ ನಿಮ್ಮ ಪಟ್ಟಿಯಲ್ಲಿಲ್ಲ, ಸೇರಿಸಲೇಬೇಕು. ಮಹಿಳೆಯರಿಗೂ ಅಂಥದೊಂದು ತಂಡ ಸ್ಪರ್ಧೆ ಬೇಕೆಂದು ಹೇಳಿ ಮಾಡಿಸಿದವರು ಅವರು. 1935ರ ಆಲ್ ಇಂಗ್ಲೆಂಡ್ ಸಿಂಗಲ್ಸ್ ಅವರದು, ಮಿಶ್ರ ಡಬಲ್ಸ್‌ನಲ್ಲಂತೂ 8 ಪ್ರಶಸ್ತಿ. ಉಬರ್ ಕಪ್ ಫೈನಲ್‌ಗೆ ಇಂಗ್ಲೆಂಡ್ 1963 ಮತ್ತು 1984ರಲ್ಲಿ ಮುಟ್ಟಿತ್ತು, ಒಮ್ಮೆ ಅಮೆರಿಕದ ಎದುರು, ಒಮ್ಮೆ ಚೀನಾದ ಎದುರು ಸೋತಿತು.

ಗಿಲ್ಕ್ಸ್‌ಗೆ ಎರಡು ಪ್ರಶ್ನೆ ಕೊಡಿ, ಒಂದು ಸಾಲದು. 1974ರ ಕ್ರೈಸ್ಟ್‌ಚರ್ಚ್ ಕಾಮನ್‌ವೆಲ್ತ್‌ನಲ್ಲಿ ಮೂರು ಚಿನ್ನ, 1976ರ ಆಲ್ ಇಂಗ್ಲೆಂಡ್‌ನಲ್ಲಿ ಸಿಂಗಲ್ಸ್, ಮಹಿಳೆಯರ ಡಬಲ್ಸ್, ಮಿಶ್ರ ಮೂರೂ. ಒಂದೇ ವಾರದಲ್ಲಿ ಮೂರು ವಿಭಾಗ ಆಡಿ ಮೂರೂ ಗೆಲ್ಲುವುದೆಂದರೆ ಎಷ್ಟು ಮ್ಯಾಚ್, ಎಷ್ಟು ಓಟ ಎಂದು ಮಕ್ಕಳಿಗೆ ಅಂದಾಜಾಗಲಿ. ನೋರಾ ಪೆರಿ ಎರಡು ಸಲ ವಿಶ್ವ ಚಾಂಪಿಯನ್: 1980 ಜಕಾರ್ತದಲ್ಲಿ ಜೇನ್ ವೆಬ್‌ಸ್ಟರ್ ಜೊತೆ, 1983ರಲ್ಲಿ ಸ್ವೀಡನ್ನಿನ ಥಾಮಸ್ ಷಿಲ್‌ಸ್ಟ್ರೋಮ್ ಜೊತೆ ಮಿಶ್ರದಲ್ಲಿ.

ಒಂದು ಎಚ್ಚರಿಕೆ: ಮದುವೆಯ ನಂತರದ ಹೆಸರು. ಗಿಲಿಯನ್ ಪೆರಿನ್ ಎಂದರೂ ಗಿಲ್ಕ್ಸ್ ಎಂದರೂ ಒಬ್ಬರೇ. ನೋರಾ ಗಾರ್ಡ್‌ನರ್ ಮುಂದೆ ಪೆರಿ, ಜೋಆನ್ ರೈಟ್ ಮುಂದೆ ಗೂಡ್, ಗ್ಯಾಬಿ ವೈಟ್ ಮುಂದೆ ಆಡ್‌ಕಾಕ್. ಇದು ನೋಡದೆ ಪ್ರಶಸ್ತಿ ಎಣಿಸಿದರೆ ಒಬ್ಬರ ಸಾಧನೆ ಇಬ್ಬರಿಗೆ ಹಂಚಿಹೋಗ್ತದೆ.

ಬ್ರಹ್ಮಗಿರಿ ಶಟಲ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಥೆನ್ಸ್ ಫೈನಲ್‌ನ ಸ್ಕೋರ್ 1-15, 15-12, 12-15 ಅಂತ ಉಂಟು. ಮಕ್ಕಳಿಗೆ ಗೊತ್ತಿರುವುದು 21ರ ಗೇಮ್ ಮಾತ್ರ, ಹೇಗೆ ವಿವರಿಸುವುದು? ಮತ್ತೆ ಪ್ರಕಾಶ್ ಪಡುಕೋಣೆಯವರಿಗೆ ಸಂಬಂಧಿಸಿ ಒಂದು ಪ್ರಶ್ನೆ ಸೇರಿಸಬಹುದಾ?

ಕದ್ರಿ ಡ್ರಾಪ್‌ಶಾಟ್

ಆಗ ಸರ್ವಿಸ್ ಮಾಡುವವರಿಗೆ ಮಾತ್ರ ಪಾಯಿಂಟ್. ರ್‍ಯಾಲಿ ಗೆದ್ದರೂ ಸರ್ವಿಸ್ ನಿಮ್ಮದಲ್ಲದಿದ್ದರೆ ಸ್ಕೋರ್ ಏರುವುದಿಲ್ಲ. ಪ್ರತಿ ರ್‍ಯಾಲಿಗೂ ಪಾಯಿಂಟ್ ಕೊಡುವ 21ರ ಪದ್ಧತಿ 2006ರಲ್ಲಿ ಬಂತು. ಆದ್ದರಿಂದ ಅಥೆನ್ಸ್ ಹಳೇ ಪದ್ಧತಿ, 2005ರಲ್ಲಿ ಇದೇ ಜೋಡಿ ಗೆದ್ದ ಆಲ್ ಇಂಗ್ಲೆಂಡೂ ಹಳೇ ಪದ್ಧತಿ, ಮ್ಯಾಡ್ರಿಡ್ ಹೊಸದು. 1-15 ಗೇಮ್ ನೋಡಿ ಸುಲಭದಲ್ಲಿ ಸೋತರು ಅಂದುಕೊಳ್ಳಬಾರದು. ಎದುರಿಗಿದ್ದದ್ದು ಸಿಡ್ನಿಯ ಚಿನ್ನ ಗೆದ್ದ ಝಾಂಗ್ ಜುನ್–ಗಾವೊ ಲಿಂಗ್, ಅವರ ಎದುರು ಮೂರನೇ ಗೇಮ್‌ನಲ್ಲಿ 12ರವರೆಗೆ ಹೋದದ್ದು.

ಪ್ರಕಾಶ್ ಪ್ರಶ್ನೆ ಸೇರಿಸಿ. 1978ರ ಎಡ್ಮಂಟನ್ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಇದೇ ಡೆರೆಕ್ ಟಾಲ್ಬಟ್‌ರನ್ನು. ಮರವಂತೆ ಹತ್ತಿರದ ಪಡುಕೋಣೆ ನಿಮ್ಮದೇ ಜಿಲ್ಲೆಯ ಊರಲ್ವಾ, ಮಕ್ಕಳು ಖುಷಿಯಿಂದ ಉತ್ತರ ಹೇಳ್ತಾರೆ. ನಮ್ಮ ಡಬಲ್ಸ್ ಜೋಡಿ ಸಾತ್ವಿಕ್–ಚಿರಾಗ್‌ರದ್ದೂ ಜೋಡಿಸಬಹುದು: 2018ರ ಗೋಲ್ಡ್ ಕೋಸ್ಟ್ ಫೈನಲ್‌ನಲ್ಲಿ ಎಲ್ಲಿಸ್–ಲ್ಯಾಂಗ್ರಿಡ್ಜ್ ಎದುರು ಸೋತರು, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡಿನ ಬೆನ್ ಲೇನ್–ಶಾನ್ ವೆಂಡಿಯನ್ನು ಅವರದೇ ದೇಶದಲ್ಲಿ ಸೋಲಿಸಿ ಚಿನ್ನ ತಂದರು.

ಸುರತ್ಕಲ್ ಸರ್ವಿಸ್

ಕೋರ್ಟ್‌ನ ಒಂದು ಗಂಟೆಗೆ ಹೇಳ್ತೇನೆ. ರಾಬರ್ಟ್‌ಸನ್ ಎಡಗೈ, ಎಮ್ಸ್ ಬಲಗೈ. ಎಲ್ಲಿಸ್ ಎಡಗೈ, ಲ್ಯಾಂಗ್ರಿಡ್ಜ್ ಬಲಗೈ. ಶಿಬಿರದಲ್ಲಿ ಒಬ್ಬರಾದರೂ ಎಡಗೈ ಮಕ್ಕಳು ಇರ್ತಾರೆ, ಅವರನ್ನು ಮುಂದೆ ಕರೆಯಿರಿ.

ಪಕ್ಕಪಕ್ಕ ನಿಂತು ಸ್ಮ್ಯಾಶ್ ತಡೆಯುವಾಗ ಎಡಗೈಯವರು ಬಲ ಅರ್ಧದಲ್ಲಿದ್ದರೆ ಇಬ್ಬರ ಫೋರ್‌ಹ್ಯಾಂಡೂ ನಡುವಿಗೆ ಬರ್ತದೆ. ಎಡ ಅರ್ಧದಲ್ಲಿದ್ದರೆ ಇಬ್ಬರ ಬ್ಯಾಕ್‌ಹ್ಯಾಂಡ್ ನಡುವಿಗೆ. ಮೊದಲನೆಯದರಲ್ಲಿ ನಡುವಿನ ಶಟಲ್‌ಗೆ ಇಬ್ಬರೂ ಬೀಸಿ ರ್‍ಯಾಕೆಟ್ ತಾಗ್ತದೆ, ಎರಡನೆಯದರಲ್ಲಿ ಇಬ್ಬರೂ ಬಿಟ್ಟುಬಿಡ್ತಾರೆ. ಪರಿಹಾರ ಒಂದೇ, ಮೊದಲೇ ಮಾತಾಡಿಕೊಳ್ಳುವುದು: ಸ್ಮ್ಯಾಶ್ ಹೊಡೆಯುವವರ ನೇರ ಎದುರು ಇರುವವರು ಸೈಡ್‌ಲೈನ್ ಕಾಯಬೇಕು, ಹೊಡೆಯುವವರಿಗೆ ಓರೆಯಲ್ಲಿ ಇರುವವರು ನಡುವಿನದನ್ನು ತೆಗೆಯಬೇಕು. ಇಪ್ಪತ್ತು ಶಟಲ್ ನಡುವಿಗೇ ಹೊಡೆಸಿ, ಜಾಗ ಬದಲಿಸಿ ಮತ್ತೆ ಇಪ್ಪತ್ತು.

ಆಮೇಲೆ ಮಿಶ್ರ ಡಬಲ್ಸ್‌ನ ಮುಂದಿನ ಆಟ. ಮುಂದಿನವರು ನೆಟ್‌ನಿಂದ 1.98 ಮೀಟರ್ ದೂರದ ಶಾರ್ಟ್ ಸರ್ವಿಸ್ ಲೈನ್ ಹತ್ತಿರ, ರ್‍ಯಾಕೆಟ್ ನೆಟ್‌ನ ಬಿಳಿ ಪಟ್ಟಿಯ ಮಟ್ಟಕ್ಕೆ ಎತ್ತಿ. ಸಾಮಾನ್ಯ ತಪ್ಪು, ಭುಜ ದಾಟಿ ಹೋದ ಶಟಲ್‌ನ ಹಿಂದೆ ಓಡುವುದು. ತಡವಾಗಿ ಮುಟ್ಟಿದ ಶಟಲ್ ಮೇಲೇಳ್ತದೆ, ಎದುರಿನವರಿಗೆ ಸ್ಮ್ಯಾಶ್ ಸಿಗ್ತದೆ, ಮುಂದೆ ಯಾರೂ ಇರುವುದಿಲ್ಲ. ಭುಜ ದಾಟಿದ್ದು ಹಿಂದಿನವರದ್ದು ಅಂತ ಅಭ್ಯಾಸ ಮಾಡಿಸಿ. ಹುಡುಗ ಹುಡುಗಿ ಇಬ್ಬರಿಗೂ ಮುಂದೆ ಹಿಂದೆ ಎರಡೂ ಜಾಗ ಆಡಿಸಿ.

ಒಂದು ಮಾತು ಶಟಲ್ ಬಗ್ಗೆ. ಬಿಸಿ ಗಾಳಿ ತೆಳು, ಶಟಲ್ ದೂರ ಹೋಗ್ತದೆ. ಏಪ್ರಿಲ್-ಮೇ ಸೆಕೆಗೆ ನಮ್ಮ ಕರಾವಳಿಯಲ್ಲಿ 77 ನಂಬ್ರದ (ನಂಬ್ರ ಶಟಲ್‌ನ ವೇಗದ್ದು, ಕಡಿಮೆ ಇದ್ದರೆ ನಿಧಾನ) ಗರಿ ಶಟಲ್ ತಂದರೆ ಲಿಫ್ಟ್, ಅಂದರೆ ಎತ್ತರಕ್ಕೆ ಹಿಂದಕ್ಕೆ ಎತ್ತಿ ಹೊಡೆದದ್ದು, ಎಲ್ಲ ಔಟ್ ಆಗ್ಲಿಕ್ಕುಂಟು, 76 ಅಥವಾ 75 ತನ್ನಿ. ಪರೀಕ್ಷೆ ಸುಲಭ: ಹಿಂದಿನ ಗೆರೆಯ ಮೇಲಿಂದ ಕೆಳಗೈಯಲ್ಲಿ ಪೂರ್ಣ ಬಲದಿಂದ, ಸೈಡ್‌ಲೈನ್‌ಗೆ ಸಮಾನಾಂತರವಾಗಿ ಮೇಲ್ಮುಖ ಹೊಡೆಯಿರಿ. ಎದುರಿನ ಹಿಂದಿನ ಗೆರೆಗಿಂತ 530ರಿಂದ 990 ಮಿಲಿಮೀಟರ್ ಒಳಗೆ ಬಿದ್ದರೆ ಸರಿ. ಗೆರೆಗೆ ಅದಕ್ಕಿಂತ ಹತ್ತಿರ ಬಿದ್ದರೆ ಒಂದು ನಂಬ್ರ ಕಡಿಮೆ ಮಾಡಿ. ಮಕ್ಕಳು ಒಳಗೆ ಬರುವ ಮೊದಲೇ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ ನೋಡಿಕೊಳ್ಳಿ.