ಆರ್‌ಸಿ 390ರ ಮುಂದಿನ ಟೈರು: 110/70 ಸಾಕಾ, 110/80 ಅಥವಾ 120/70 ಹಾಕಿಸಬೇಕಾ?

ಪ್ರಶ್ನೆ ಕೇಳಿದವರ ಗಾಡಿ ಹಳೆಯ ಮಾದರಿಯ ಕೆಟಿಎಂ ಆರ್‌ಸಿ 390. ಮುಂದಿನ ಟೈರು ಸವೆದಿದೆ. ಕಂಪನಿ ಕೊಟ್ಟಿದ್ದು 110/70 ಆರ್17. ಟೈರ್ ಅಂಗಡಿಯವರು "110/80 ಹಾಕಿಸಿ, ಗುಂಡಿಗೆ ಒಳ್ಳೆಯದು" ಅಂದರಂತೆ. ಗೆಳೆಯರೊಬ್ಬರು "120/70 ಹಾಕಿಸು, ದೊಡ್ಡ ಬೈಕಿನ ಗ್ರಿಪ್ ಬರುತ್ತೆ" ಅಂದರಂತೆ. ದಿನಾ ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿ, ಭಾನುವಾರ ನಂದಿ ಬೆಟ್ಟ, ಯಾವಾಗಲಾದರೂ ಒಮ್ಮೆ ಕೊಯಮತ್ತೂರಿನ ಕರಿ ಅನ್ನುವ ರೇಸ್ ಟ್ರ್ಯಾಕ್. ಯಾವುದು ಹಾಕಿಸಲಿ ಅಂತ ಕೇಳಿದ್ದಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. 110/70ರಲ್ಲೇ ಇರಿ. ಸೈಜು ಮುಟ್ಟಬೇಡಿ. ನಿಮಗೆ ಬೇಕಾದ ಬದಲಾವಣೆ ಅದೇ ಸೈಜಿನೊಳಗೆ ಸಿಗುತ್ತದೆ. ಯಾವ ಆಕಾರದ ಟೈರು, ಎಂಥ ರಬ್ಬರು ಅನ್ನುವುದನ್ನು ಆರಿಸಿ. ನಾನೂ ಇದೇ ಗಾಡಿ ಓಡಿಸುವವನು. ನಮ್ಮ ಭಾನುವಾರದ ಗುಂಪಿನಲ್ಲಿ ನಿಂಜಾ 300, ಆರ್15, ಡ್ಯೂಕ್ 390, ಅಪಾಚೆ ಆರ್‌ಆರ್ 310 ಎಲ್ಲ ಇವೆ. ಸೈಜು ಬದಲಿಸಿ ನೋಡಿದವರೂ ಇದ್ದಾರೆ. ಅವರ ಅನುಭವವನ್ನೂ ಸೇರಿಸಿ ಬರೆಯುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಲೆಕ್ಕ. 110 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 70 ಅಂದರೆ ಆ ಅಗಲದ ನೂರಕ್ಕೆ ಎಪ್ಪತ್ತರಷ್ಟು ಸೈಡ್‌ವಾಲ್ ಎತ್ತರ, ಅಂದರೆ ರಿಮ್ಮಿನಿಂದ ನೆಲದವರೆಗಿನ ಟೈರಿನ ಬದಿಯ ಎತ್ತರ. ಅಂದರೆ 77 ಮಿ.ಮೀ. ಇದೇ ಲೆಕ್ಕದಲ್ಲಿ 110/80ಕ್ಕೆ 88 ಮಿ.ಮೀ., 120/70ಕ್ಕೆ 84 ಮಿ.ಮೀ. ರಿಮ್ಮು ಮೂರಕ್ಕೂ 17 ಇಂಚೇ. ಹಾಗಾಗಿ 110/80 ಹಾಕಿಸಿದರೆ ಗಾಡಿಯ ಮೂತಿ 11 ಮಿ.ಮೀ. ಮೇಲೇಳುತ್ತದೆ. 120/70ಕ್ಕೆ 7 ಮಿ.ಮೀ. ಏಳುತ್ತದೆ.

ಹನ್ನೊಂದು ಮಿಲಿಮೀಟರ್‌ಗೆ ಏನಾಗಿಬಿಡುತ್ತೆ ಅಂತ ಅನ್ನಿಸಬಹುದು. ಆರ್‌ಸಿಯ ಎರಡು ಚಕ್ರದ ನಡುವಿನ ದೂರ 1340 ಮಿ.ಮೀ. ಮಾತ್ರ. ಮುಂದಿನ ಚಕ್ರ ಹಿಡಿದಿರುವ ಫೋರ್ಕು 23.5 ಡಿಗ್ರಿ ವಾಲಿ ನಿಂತಿದೆ. ಮೂತಿ 11 ಮಿ.ಮೀ. ಎದ್ದರೆ ಆ ವಾಲು ಹತ್ತಿರ ಹತ್ತಿರ ಅರ್ಧ ಡಿಗ್ರಿ ಹೆಚ್ಚುತ್ತದೆ. ಇದರ ಜೊತೆಗೆ ಟ್ರೇಲ್ ಕೂಡ ಬೆಳೆಯುತ್ತದೆ. ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರವೇ ಟ್ರೇಲ್. ನಾನು ಲೆಕ್ಕ ಹಾಕಿದಂತೆ ಅದು ಏಳೆಂಟು ಮಿ.ಮೀ. ಜಾಸ್ತಿ ಆಗುತ್ತದೆ. ಟ್ರೇಲ್ ಬೆಳೆದಷ್ಟೂ ಗಾಡಿ ನೇರವಾಗಿ ಹೋಗಲು ಇಷ್ಟಪಡುತ್ತದೆ, ತಿರುಗಲು ಹಟ ಮಾಡುತ್ತದೆ. ಆರ್‌ಸಿ ಕೊಳ್ಳುವುದೇ ಅದು ಚಕ್ಕಂತ ಬಗ್ಗುತ್ತದೆ ಅಂತ. ಅದನ್ನೇ ಕಳೆದುಕೊಂಡರೆ ಏನು ಬಂತು?

ಯಲಹಂಕದ ಗೆಳೆಯ ಒಬ್ಬ ತನ್ನ ಆರ್‌ಸಿಗೆ 110/80 ಹಾಕಿಸಿದ್ದ. ಬಳ್ಳಾರಿ ರಸ್ತೆಯ ನೇರದಲ್ಲಿ ಗಾಡಿ ಗಟ್ಟಿಯಾಗಿ ನಿಲ್ಲುತ್ತಿತ್ತು, ಹಂಪು ಹತ್ತಿದಾಗ ಕೈಗೆ ಬರುವ ಏಟೂ ಕಡಿಮೆಯಾಗಿತ್ತು. ಅಷ್ಟರ ಮಟ್ಟಿಗೆ ಅಂಗಡಿಯವರು ಹೇಳಿದ್ದು ನಿಜವೇ. ನಂದಿ ಬೆಟ್ಟದ ತಿರುವುಗಳಲ್ಲಿ ಮಾತ್ರ ಬೇರೆ ಕಥೆ. ಪ್ರತಿ ತಿರುವಿಗೂ ಹ್ಯಾಂಡಲ್ ಒತ್ತಿ ಹಿಡಿಯಬೇಕು. ಎಡದಿಂದ ಬಲಕ್ಕೆ ಒಡನೆಯೇ ವಾಲಿಸುವ ಕಡೆ ಗಾಡಿ ಹಿಂದೆ ಬೀಳುತ್ತಿತ್ತು. ಇಳಿಯುವಾಗ ಭುಜ ನೋವು ಅಂತ ಅವನೇ ಹೇಳುತ್ತಿದ್ದ. ಇನ್ನೊಂದು ತೊಂದರೆ ಮಳೆಗಾಲದಲ್ಲಿ ಬಂತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಕಮ್ಮಿಯಾಗಿ, ಕಟ್ಟಡದ ಕೆಲಸ ನಡೆಯುವ ರಸ್ತೆಗಳಲ್ಲಿ ಕೆಸರು, ಜಲ್ಲಿ ಸಿಕ್ಕಿಕೊಂಡು ಕರಕರ ಅನ್ನುತ್ತಿತ್ತು. ನಮ್ಮೂರಲ್ಲಿ ಲಾರಿಯಿಂದ ಕೆಸರು ಬೀಳದ ರಸ್ತೆ ಯಾವುದಿದೆ ಹೇಳಿ.

ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆಯ ವಿಷಯವನ್ನೂ ಮರೆಯಬೇಡಿ. ಎಬಿಎಸ್ ಇರುವ ಗಾಡಿಯಲ್ಲಿ ಎರಡೂ ಚಕ್ರದ ವೇಗವನ್ನು ಸೆನ್ಸರುಗಳು ಅಳೆಯುತ್ತಿರುತ್ತವೆ. 110/70 ಒಂದು ಸುತ್ತಿಗೆ ಸುಮಾರು 1840 ಮಿ.ಮೀ. ಹೋಗುತ್ತದೆ. 110/80 ಸುಮಾರು 1910 ಮಿ.ಮೀ. ನೂರಕ್ಕೆ ನಾಲ್ಕರ ಹತ್ತಿರ ವ್ಯತ್ಯಾಸ. ಕಂಪನಿ ಕೂರಿಸಿದ ಲೆಕ್ಕ ಅಷ್ಟು ತಪ್ಪುತ್ತದೆ. ಮೀಟರು ಮುಂದಿನ ಚಕ್ರದಿಂದ ವೇಗ ತೆಗೆದುಕೊಳ್ಳುವ ಗಾಡಿಯಾದರೆ, ಮೀಟರು ಮೊದಲಿಗಿಂತ ಅಷ್ಟು ಕಡಿಮೆ ತೋರಿಸುತ್ತದೆ. ಬ್ರೇಕಿನ ವಿಷಯದಲ್ಲಿ ಇಂಥ ಪ್ರಯೋಗ ನನಗೆ ಸರಿ ಅನ್ನಿಸುವುದಿಲ್ಲ.

ಇನ್ನು 120/70. ಇದರ ಆಸೆ ನನಗೆ ಅರ್ಥವಾಗುತ್ತದೆ. ನಿಂಜಾ 650 ಥರದ ದೊಡ್ಡ ಗಾಡಿಗಳಿಗೆಲ್ಲ ಅದೇ ಸೈಜು, ಟೈರುಗಳ ಆಯ್ಕೆಯೂ ಜಾಸ್ತಿ. ಆದರೆ ಆ ಟೈರನ್ನು 3.5 ಇಂಚು ಅಗಲದ ರಿಮ್ಮಿಗೆ ಅಂತ ಮಾಡಿರುತ್ತಾರೆ. ನಿಮ್ಮ ಗಾಡಿಯ ಮುಂದಿನ ರಿಮ್ಮು 3 ಇಂಚು. ಅನುಮಾನವಿದ್ದರೆ ರಿಮ್ಮಿನ ಮೇಲೆ ಅಚ್ಚು ಒತ್ತಿರುವ ಅಂಕಿ ನೋಡಿ. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ಕೂರಿಸಿದರೆ ಎರಡೂ ಬದಿ ಒಳಗೆ ಎಳೆದುಕೊಂಡು ನಡುಭಾಗ ಮೊನಚಾಗುತ್ತದೆ. ಟೈರಿನ ಅಂಚು ನೆಲ ಮುಟ್ಟುವುದೇ ಕಷ್ಟ. ದುಡ್ಡು ಕೊಟ್ಟ ಅಗಲ ಬಳಕೆಗೆ ಬರುವುದಿಲ್ಲ, ತೂಕ ಮಾತ್ರ ಸೇರುತ್ತದೆ. ಅಷ್ಟೇ ಅಲ್ಲ, ಮುಂದಿನ ಟೈರು ಅಗಲವಾದಷ್ಟೂ ವಾಲಿದಾಗ ನೆಲ ಮುಟ್ಟುವ ಜಾಗ ನಡುಗೆರೆಯಿಂದ ದೂರ ಹೋಗುತ್ತದೆ. ಆಗ ತಿರುವಿನ ನಡುವೆ ಬ್ರೇಕ್ ಮುಟ್ಟಿದರೆ ಗಾಡಿ ಎದ್ದು ನಿಲ್ಲಲು ನೋಡುತ್ತದೆ. ಗುಂಪಿನ ಡ್ಯೂಕ್ 390 ಗೆಳೆಯ ಇದನ್ನು ಹಾಕಿಸಿ ಕೆಲವೇ ವಾರಕ್ಕೆ ತೆಗೆಸಿದ. ತಿರುವಿನಲ್ಲಿ ನಾಯಿ ಅಡ್ಡ ಬಂದು ಬ್ರೇಕ್ ಹಿಡಿದಾಗ ಗಾಡಿ ಎದುರು ಸಾಲಿನ ಕಡೆ ನೇರವಾಯಿತು ಅಂತ ಅವನು ಹೇಳಿದ್ದನ್ನು ಕೇಳಿದ ಮೇಲೆ ನಮ್ಮಲ್ಲಿ ಯಾರೂ ಆ ಮಾತು ಎತ್ತಿಲ್ಲ.

ಸೈಜು ಬದಲಿಸಿ ಖುಷಿಯಾಗಿರುವವರೂ ಇದ್ದಾರೆ, ಅದನ್ನೂ ಹೇಳಬೇಕು. ಆರ್15ರ ಎರಡನೇ ಆವೃತ್ತಿಗೆ ಮುಂದೆ 90/80 ಬರುತ್ತಿತ್ತು. ನಮ್ಮಲ್ಲೊಬ್ಬರು ಅದಕ್ಕೆ 100/80 ಹಾಕಿಸಿ ಹಾಯಾಗಿ ಓಡಿಸುತ್ತಿದ್ದಾರೆ. ಅವರದು ಪೂರ್ತಿ ಸಿಟಿ ಓಡಾಟ. ಬಸವನಗುಡಿಯಿಂದ ಪೀಣ್ಯ, ಅಷ್ಟೇ. ಚಕ್ಕಂತ ವಾಲಿಸುವ ಅಗತ್ಯ ಅವರಿಗಿಲ್ಲ. ನಿಮ್ಮದು ನಂದಿ ಮತ್ತು ಟ್ರ್ಯಾಕ್ ಎರಡೂ ಇರುವ ಬಳಕೆ. ಅವರಿಗೆ ಸರಿಹೋದದ್ದು ನಿಮಗೆ ಸರಿಹೋಗುವುದಿಲ್ಲ.

ಈಗ ಆಕಾರದ ವಿಷಯ. ಇದನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ, ಆದರೆ ನಿಮ್ಮ ಕೈಗೆ ಗೊತ್ತಾಗುವುದು ಇದೇ. ಒಂದೇ 110/70 ಸೈಜಿನ ಎರಡು ಟೈರನ್ನು ಪಕ್ಕಪಕ್ಕ ನಿಲ್ಲಿಸಿ ಎದುರಿನಿಂದ ನೋಡಿ. ಒಂದರ ನೆತ್ತಿ ಗುಂಡಗಿರುತ್ತದೆ. ಇನ್ನೊಂದರದು ಸ್ವಲ್ಪ ಮೊನಚು, ಅಂಚಿನ ಕಡೆ ಚಪ್ಪಟೆ. ಗುಂಡಗಿರುವುದು ವಾಲಲು ಒಂದೇ ಸಮ ಬಲ ಕೇಳುತ್ತದೆ, ನಿಧಾನವಾಗಿ ಬಗ್ಗುತ್ತದೆ, ಎಲ್ಲೂ ಬೆಚ್ಚಿಬೀಳಿಸುವುದಿಲ್ಲ. ಮೊನಚಿರುವುದು ನೇರದಿಂದ ವಾಲಿಗೆ ಬೇಗ ಜಾರಿಕೊಳ್ಳುತ್ತದೆ, ಪೂರ್ತಿ ವಾಲಿದಾಗ ಹೆಚ್ಚು ರಬ್ಬರು ನೆಲಕ್ಕೆ ಕೊಡುತ್ತದೆ. ಟ್ರ್ಯಾಕಿಗೆ ಅಂತ ಮಾಡುವ ಟೈರುಗಳು ಈ ಎರಡನೇ ಜಾತಿ. ದೂರ ಪ್ರಯಾಣದ ಸ್ಪೋರ್ಟ್ ಟೂರಿಂಗ್ ಟೈರುಗಳು ಹೆಚ್ಚಾಗಿ ಮೊದಲನೇ ಜಾತಿ.

ನಿಮ್ಮ ದಿನದ ದಾರಿ ನೋಡಿದರೆ ನಾನು ಗುಂಡಗಿನ ಕಡೆಗೇ ವಾಲುತ್ತೇನೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ದಾಟಿ ಹೋಗುವವರಿಗೆ ಗ್ರಿಪ್ ಬೇಕಾಗುವುದು ಮಳೆಯಲ್ಲಿ, ಬಿಳಿ ಪಟ್ಟೆ ಮೇಲೆ, ಫ್ಲೈಓವರ್‌ನ ಕಬ್ಬಿಣದ ಜಾಯಿಂಟ್ ಮೇಲೆ, ಯಾರೋ ಚೆಲ್ಲಿದ ಡೀಸೆಲ್ ಮೇಲೆ. ಅಲ್ಲಿ ಬೇಕಾಗುವುದು ಬೇಗ ಬಿಸಿಯಾಗುವ ರಬ್ಬರು, ನೀರು ಹೊರಹಾಕುವ ಗೆರೆ. ಟ್ರ್ಯಾಕ್ ಟೈರಿನ ರಬ್ಬರು ಚೆನ್ನಾಗಿ ಬಿಸಿಯಾದ ಮೇಲೆ ಮಾತ್ರ ಹಿಡಿಯುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ನಂದಿ ಕಡೆ ಹೊರಟಾಗ ಅದು ಗಟ್ಟಿಯಾಗಿಯೇ ಇರುತ್ತದೆ. ನಾನೇ ಓಡಿಸಿರುವವುಗಳಲ್ಲಿ ಮಿಶೆಲಿನ್ ರೋಡ್ 5 ಮಳೆಯಲ್ಲಿ ಕೊಟ್ಟ ಧೈರ್ಯ ಬೇರೆ ಯಾವುದೂ ಕೊಟ್ಟಿಲ್ಲ. ಅಪಾಚೆ ಆರ್‌ಆರ್ 310ಕ್ಕೆ ಇದೇ ಟೈರು ಇದೇ 110/70 ಸೈಜಿನಲ್ಲಿ ಬಂದದ್ದರಿಂದ ನಮಗೆಲ್ಲ ಪರಿಚಯವಾಯಿತು. ಅಪೋಲೊ ಆಲ್ಫಾ ಎಚ್1 ಹಾಕಿಸಿದವರು ನಂದಿಯಲ್ಲಿ ಗಾಡಿ ಚುರುಕಾಗಿದೆ ಅನ್ನುತ್ತಾರೆ, ಬೆಲೆಯೂ ಹಗುರ. ಎರಡರಲ್ಲಿ ಯಾವುದಾದರೂ ನಿಮಗೆ ಒಪ್ಪುತ್ತದೆ. ನನ್ನನ್ನು ಒಂದೇ ಹೇಳಿ ಅಂದರೆ ಮಳೆಯನ್ನು ನೆನೆದು ಮೊದಲನೆಯದನ್ನು ಹೇಳುತ್ತೇನೆ.

ಹೊರದೇಶದ ಟೈರು ಹುಡುಕುವಾಗ ಒಂದು ಎಚ್ಚರ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರು ಆಮದಿಗೆ ನಿರ್ಬಂಧ ಹಾಕಿತು. ಅಲ್ಲಿಂದ ಸರಕು ಸಿಗುವುದು ಕಷ್ಟವಾಯಿತು, ಹಳೇ ಸರಕು ಅಂಗಡಿಗಳಲ್ಲಿ ಉಳಿದುಕೊಂಡಿರುವುದೂ ಉಂಟು. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿ ಇರುತ್ತವೆ. 1425 ಅಂತ ಇದ್ದರೆ 2025ರ 14ನೇ ವಾರದಲ್ಲಿ ಮಾಡಿದ್ದು. ಅಂಕಿ ನೋಡದೆ ದುಡ್ಡು ಕೊಡಬೇಡಿ. ಹಾಗೆಯೇ 54ಎಚ್ ಅನ್ನುವ ಗುರುತು ನೋಡಿ. 54 ಅಂದರೆ 212 ಕೆ.ಜಿ. ಭಾರ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ. ಅದಕ್ಕಿಂತ ಕಡಿಮೆಯದು ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮನ್ನೇ ಒಂದು ಕೇಳಬೇಕು. ಹಿಂದಿನ ಟೈರು ಹೇಗಿದೆ? ಹೊಸೂರು ರಸ್ತೆಯಲ್ಲಿ ದಿನಾ ನೇರ ಓಡಿಸುವವರ ಹಿಂದಿನ ಟೈರು ನಡುವೆ ಸವೆದು ಚಪ್ಪಟೆಯಾಗಿರುತ್ತದೆ. ವಾಲಿಸುವಾಗ ಗಾಡಿ ಆ ಚಪ್ಪಟೆಯ ಅಂಚನ್ನು ಹತ್ತಿ ಇಳಿಯಬೇಕು. ಅದರ ಜೊತೆ ಹೊಸ ಮುಂದಿನ ಟೈರು ಹಾಕಿಸಿದರೆ ಮುಂದಿನದು ಸಲೀಸಾಗಿ ಬಗ್ಗುತ್ತದೆ, ಹಿಂದಿನದು ತಡೆದು ಆಮೇಲೆ ದಬ್ಬಂತ ಬೀಳುತ್ತದೆ. ನಿಂಜಾ 300ರ ಗೆಳೆಯ ಹೊಸ ಟೈರಿನ ಆಕಾರವೇ ಸರಿ ಇಲ್ಲ ಅಂದುಕೊಂಡು ತಿಂಗಳುಗಟ್ಟಲೆ ಬೈದುಕೊಂಡು ಓಡಿಸಿದ. ಹಿಂದಿನ ಟೈರು ಬದಲಿಸಿದ ದಿನವೇ ಎಲ್ಲ ಸರಿಹೋಯಿತು. ಹಿಂದಿನದು ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಜೋಡಿ ಹಾಕಿಸಿ. ನಿಮ್ಮ ಗಾಡಿಗೆ ಹಿಂದೆ 150/60 ಆರ್17. ಒಳಗಿನ ದಾರದ ಪದರ ಅಡ್ಡಡ್ಡ ಹೋಗುವ ರೇಡಿಯಲ್ (ಸೈಜಿನಲ್ಲಿರುವ ಆರ್ ಇದೇ) ಮುಂದೆ, ಆ ಪದರ ಓರೆಯಾಗಿರುವ ಸಾದಾ ಬಯಾಸ್ ಹಿಂದೆ ಅನ್ನುವ ಜೋಡಿ ಮಾತ್ರ ಬೇಡವೇ ಬೇಡ.

ಗುಂಡಿಯ ಭಯಕ್ಕೆ ಮದ್ದು ಗಾಳಿಯಲ್ಲಿದೆ. ಕಂಪನಿ ಹೇಳಿದ್ದು ಒಬ್ಬರೇ ಹೋಗುವಾಗ 2 ಬಾರ್, ಅಂದರೆ 29 ಪಿಎಸ್‌ಐ. ಗ್ರಿಪ್ ಬರಲಿ ಅಂತ ಗಾಳಿ ಇಳಿಸಿಕೊಂಡು ಓಡಿಸುವವರ ರಿಮ್ಮೇ ಹೆಚ್ಚು ಬೆಂಡಾಗುವುದು. ಸೈಡ್‌ವಾಲ್ ಪೂರ್ತಿ ಕುಸಿದು ಗುಂಡಿಯ ಅಂಚು ನೇರ ರಿಮ್ಮಿಗೆ ಬಡಿಯುತ್ತದೆ. 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು ಬಿಡುತ್ತಿಲ್ಲ, ಸರ್ವಿಸ್ ರಸ್ತೆಯ ಹಂಪುಗಳೇ ನಮ್ಮ ಪಾಲು. ಹಾಗಾಗಿ ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ನಿಮ್ಮದೇ ಗೇಜ್‌ನಲ್ಲಿ ಗಾಳಿ ನೋಡಿ. ಪೆಟ್ರೋಲ್ ಬಂಕಿನ ಮೀಟರನ್ನು ನಾನು ನಂಬುವುದಿಲ್ಲ.

ಕರಿ ಟ್ರ್ಯಾಕಿಗೆ ವರ್ಷಕ್ಕೊಮ್ಮೆ ಹೋಗುವುದಾದರೆ ಅದಕ್ಕಾಗಿ ಬೇರೆ ಟೈರು ಬೇಡ. ಮೇಲೆ ಹೇಳಿದ ಟೈರುಗಳೇ ಸಾಕು.

ಹಾಕಿಸುವಾಗ ಬಾಣದ ಗುರುತಿನ ದಿಕ್ಕು ನೋಡಿ, ಚಕ್ರ ಬ್ಯಾಲೆನ್ಸ್ ಮಾಡಿಸಿ, ಹಳೇ ವಾಲ್ವ್ ಬದಲಿಸಿ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ 150 ಕಿ.ಮೀ. ಜೋರು ಬ್ರೇಕು, ಜೋರು ವಾಲು ಬೇಡ. ಹಿಂದಿನ ಟೈರಿನ ಫೋಟೊ ಒಂದು ಹಾಕಿ. ಅದನ್ನು ನೋಡಿ ಒಂದು ಸಾಕಾ, ಜೋಡಿ ಬೇಕಾ ಅಂತ ಹೇಳುತ್ತೇನೆ.