ದೊಡ್ಡ ಚಿತ್ರಗಳ ಆಶಯವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):
ಕಳೆದ ಭಾನುವಾರ ‘ಕೆಜಿಎಫ್’ನ ಎರಡೂ ಭಾಗಗಳನ್ನು (2018, 2022) ಒಂದರ ಹಿಂದೊಂದು ನೋಡಿದೆ. ಕೂಸನ್ನೆತ್ತಿಕೊಂಡ ಬಡ ತಾಯಿಯ ಕೈಯಿಂದ ಮುಂಬಯಿಯ ರಸ್ತೆಗೆ ಜಾರಿ ಬಿದ್ದ ಬನ್ನಿಗಾಗಿ ನಾಯಕನು ವಾಹನಗಳನ್ನೇ ತಡೆದು ನಿಲ್ಲಿಸುವ ದೃಶ್ಯಕ್ಕೆ ಈಗಲೂ ಕಣ್ಣು ತುಂಬಿ ಬರುತ್ತದೆ. ಆದರೆ ಗಣಿಯಲ್ಲಿ ದುಡಿಯುವ ಸಾವಿರಾರು ಜನ ಅವನ ದಾರಿ ಕಾಯುವ ಗುಂಪಾಗಿಯೇ ಉಳಿದುಬಿಡುತ್ತಾರೆ. ಹೀಗೆಂದರೆ, ‘ಅಷ್ಟು ದೊಡ್ಡ ಚಿತ್ರದಲ್ಲಿ ಸಣ್ಣ ತಪ್ಪು ಹುಡುಕಬೇಡಿ ಕಾಕಾ’ ಎನ್ನುತ್ತಾರೆ ಮನೆಯ ಹುಡುಗರು. ಎರಡನೆಯ ಭಾಗಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿದೆ. ಹಣ ಹೆಚ್ಚು ಸುರಿದಷ್ಟೂ ವಿಮರ್ಶೆ ಸಡಿಲವಾಗಬೇಕೆ?

ಉತ್ತರ 1 (ವಿಜಯಪುರ):
ಸಡಿಲವಾಗಬೇಕಿಲ್ಲ. ಆದರೆ ಅದು ಇತಿಹಾಸವಲ್ಲ, ಚಿತ್ರದೊಳಗಿನ ಪಾತ್ರವೇ ಆದ ಒಬ್ಬ ಲೇಖಕ ಹೇಳುತ್ತಿರುವ ಕಥೆ ಎಂಬುದನ್ನು ತಾವು ಮರೆತಿದ್ದೀರಿ. ಆ ಲೇಖಕನ ಹೆಸರು ಆನಂದ ಇಂಗಳಗಿ. ಅಡ್ಡಹೆಸರು ಕೇಳಿದರೆ ನಮ್ಮ ಕಡೆಯವನೇ ಅನ್ನಿಸುತ್ತದೆ! ಲಾವಣಿ ಹಾಡುವವನು ವೀರನನ್ನು ಹಿಗ್ಗಿಸುತ್ತಾನೆಯೇ ಹೊರತು ಊರಿನ ಲೆಕ್ಕ ಕೊಡುವುದಿಲ್ಲ.

ಉತ್ತರ 2 (ಬಾದಾಮಿ, ಬಾಗಲಕೋಟೆ ಜಿಲ್ಲೆ):
ಹಿಗ್ಗಿಸಲಿ, ಅಡ್ಡಿಯಿಲ್ಲ. ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡುತ್ತ ಬೆಳೆದ ನಮಗೆ ಅಬ್ಬರದ ಮೇಲೆ ಮುನಿಸಿಲ್ಲ. ನನ್ನ ತಕರಾರು ಕೈಬಿಟ್ಟದ್ದರ ಬಗ್ಗೆ. ನಿಜವಾದ ಕೋಲಾರದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಬಂದಿತ್ತು. ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮವನ್ನು ವಿರೋಧಿಸಿ 1930ರಲ್ಲಿ ಅಲ್ಲಿನ ಕಾರ್ಮಿಕರು ತಾವಾಗಿಯೇ ಮುಷ್ಕರ ಹೂಡಿದ್ದರು. ಅಂಥ ಜನರನ್ನು ಪರದೆಯ ಮೇಲೆ ಬಾಯಿಲ್ಲದವರನ್ನಾಗಿ ಮಾಡಿದ್ದು ಲಾವಣಿಯ ಅನಿವಾರ್ಯವಲ್ಲ, ಚಿತ್ರದ ಆಯ್ಕೆ. ಕೊನೆಗೆ ಚಿನ್ನವೆಲ್ಲ ಹಡಗಿನೊಡನೆ ಕಡಲು ಸೇರುವಾಗ, ಅದನ್ನು ಅಗೆದವರ ಮಾತು ಕೇಳಬೇಕೆಂದು ಚಿತ್ರಕ್ಕೆ ಅನ್ನಿಸುವುದೇ ಇಲ್ಲ. ‘ಕಾಂತಾರ’ದಲ್ಲಿ (2022) ನಾಯಕಿಯ ಪಾತ್ರ ಸೊರಗಿದೆ ಎಂಬ ಟೀಕೆ ನನ್ನದೂ ಹೌದು, ಆದರೂ ಅಲ್ಲಿ ದೈವವು ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಒಟ್ಟಿಗೆ ಹಿಡಿದಾಗ ಜಗಳ ಯಾವ ನೆಲದ್ದು, ಯಾರದ್ದು ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಉತ್ತರ 3 (ಖಾನಾಪುರ):
ಇಂದಿನ ಪ್ರಶಸ್ತಿಯನ್ನೂ ಗಳಿಕೆಯನ್ನೂ ಕೊನೆಯ ತೀರ್ಪೆಂದು ಹಿಡಿಯಬೇಡಿ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ. ಆಗ ಅದು ಮಕಾಡೆ ಮಲಗಿತು. ಆಮೇಲೆ ಅವರು ನಿರ್ದೇಶಕರೆಂದು ತಮ್ಮ ಹೆಸರನ್ನೇ ಹಾಕಿಕೊಳ್ಳಲಿಲ್ಲ. ಈಗ ಅದೇ ಚಿತ್ರವನ್ನು ಮೇರುಕೃತಿ ಎನ್ನುತ್ತಾರೆ. ಹಾಗೆಂದು ಸೋತದ್ದೆಲ್ಲ ಮುಂದೆ ಗೆಲ್ಲುತ್ತದೆ ಎಂದೇನೂ ಅಲ್ಲ.

ಪ್ರಶ್ನೆ ಕೇಳಿದವರು:
ಇಂಗಳಗಿಯ ವಾದವನ್ನು ಮೊದಲ ಭಾಗದ ಮಟ್ಟಿಗೆ ಒಪ್ಪುತ್ತೇನೆ. ಎರಡನೆಯದರಲ್ಲಿ ನಾಯಕನೇ ಗಣಿಯ ಒಡೆಯನಾದ ಮೇಲೆ ಕೂಲಿಯವರ ಬಾಯಿ ಬಿಡಿಸಲು ಕಥೆಗಾರನಿಗೆ ಬೇಕಾದಷ್ಟು ಜಾಗವಿತ್ತು. ಹೆಬ್ಬೆಟ್ಟಿನ ಮುಷ್ಕರದ ಸಂಗತಿಯನ್ನು ಇಂದು ರಾತ್ರಿ ಊಟಕ್ಕೆ ಕುಳಿತಾಗ ಹುಡುಗರ ಮುಂದೆ ಇಡುತ್ತೇನೆ.